ಗಂಟೆಗೆ ಒಂದು ಗೇಣು

(ಪದವಿಪೂರ್ವ ಕಾಲೇಜೊಂದರ ಸಭಾಂಗಣದಲ್ಲಿ ಒಂದು ಸಂಜೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಪುನರುಕ್ತಿಗಳನ್ನು ಕೈಬಿಟ್ಟು, ಕಪ್ಪುಹಲಗೆಯ ಮೇಲೆ ಬಿಡಿಸಿದ ಲೆಕ್ಕವನ್ನು ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಮೇಜಿನ ಮೇಲೆ ಕಾಣುತ್ತಿರುವುದೆಲ್ಲ ಅಡುಗೆಮನೆಯ ಸರಂಜಾಮು. ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯಿಂದ ಬೆರಳಗಲದ ಎರಡು ಪಟ್ಟಿಗಳನ್ನು ಕತ್ತರಿಸಿ ಅಕ್ಕಪಕ್ಕ ಇಳಿಬಿಟ್ಟಿದ್ದೇನೆ. ನಡುವೆ ಅರ್ಧ ಸೆಂಟಿಮೀಟರ್ ಜಾಗವಿದೆ. ಈಚೆಗೆ ಸ್ಕೂಟರಿನ ಹಳೆಯ ಬ್ಯಾಟರಿ. ಎರಡೂ ಪಟ್ಟಿಗಳಲ್ಲಿ ಕರೆಂಟು ಮೇಲಿನಿಂದ ಕೆಳಕ್ಕೆ ಹರಿಯುವಂತೆ ತಂತಿ ಜೋಡಿಸಿ, ಒಂದು ಕ್ಷಣ ಬ್ಯಾಟರಿಗೆ ತಾಗಿಸುತ್ತೇನೆ. ನೋಡಿದಿರಲ್ಲ, ಪಟ್ಟಿಗಳು ಒಂದನ್ನೊಂದು ಸೆಳೆದುಕೊಂಡವು. ಈಗ ತಂತಿ ಬದಲಿಸಿ, ಒಂದರಲ್ಲಿ ಕೆಳಮುಖವಾಗಿ, ಇನ್ನೊಂದರಲ್ಲಿ ಮೇಲ್ಮುಖವಾಗಿ ಹರಿಸುತ್ತೇನೆ. ದೂರ ಸಿಡಿದವು. ಕ್ಷಣಕ್ಕಿಂತ ಹೆಚ್ಚು ಹೊತ್ತು ತಾಗಿಸಿ ಹಿಡಿಯುವಂತಿಲ್ಲ. ಹಿಂದೊಮ್ಮೆ ಮಾತಿನ ಭರದಲ್ಲಿ ಹಿಡಿದೇ ನಿಂತು ಬೆರಳು ಸುಟ್ಟುಕೊಂಡಿದ್ದೇನೆ.

ಈ ಆಟಕ್ಕೆ ಇನ್ನೂರು ವರ್ಷ ದಾಟಿದೆ. 1820ರ ಜುಲೈನಲ್ಲಿ ಕೋಪನ್‌ಹೇಗನ್‌ನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ಪ್ರಕಟಿಸಿದ. ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ವಾರಗಳಲ್ಲಿ ಆಂಪಿಯರ್, ಮುಳ್ಳೇ ಬೇಡ, ಎರಡು ತಂತಿಗಳು ತಮ್ಮತಮ್ಮಲ್ಲೇ ಸೆಳೆಯುತ್ತವೆ, ತಳ್ಳುತ್ತವೆ ಎಂದು ತೋರಿಸಿದ.

ಇಲ್ಲೊಂದು ವಿಷಯ ಗಮನಿಸಿ. ಕರೆಂಟು ಹರಿಯುವಾಗಲೂ ಈ ಪಟ್ಟಿಗಳು ವಿದ್ಯುತ್ತಿನ ದೃಷ್ಟಿಯಿಂದ ತಟಸ್ಥವೇ. ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎತ್ತುತ್ತದೆ, ಇವು ಎತ್ತುವುದಿಲ್ಲ. ಒಳಗಿರುವ ಧನ ಆವೇಶಕ್ಕೂ ಋಣ ಆವೇಶಕ್ಕೂ ಲೆಕ್ಕ ಸರಿಹೋಗಿದೆ. (ಆವೇಶ ಎಂಬ ಪಠ್ಯಪುಸ್ತಕದ ಪದ ನನಗೆ ಇಷ್ಟ. ಊರ ಜಾತ್ರೆಯಲ್ಲಿ ಮೈಮೇಲೆ ಬರುವುದಕ್ಕೂ ಅದೇ ಹೆಸರು.) ಹಾಗಾದರೆ ಎಳೆದವರು ಯಾರು? ಕಾಂತಬಲ ಎನ್ನುತ್ತೇವೆ. ಹೆಸರಿಟ್ಟ ಮಾತ್ರಕ್ಕೆ ವಿವರಿಸಿದಂತಾಗಲಿಲ್ಲ. ಕೈಬೆರಳಿನ ನಿಯಮಗಳೂ ದಿಕ್ಕನ್ನು ಹೇಳುತ್ತವೆಯೇ ಹೊರತು ಕಾರಣವನ್ನಲ್ಲ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಬಲಗೈಯಲ್ಲಿ ಪೆನ್ನಿರುತ್ತದೆ, ಆದ್ದರಿಂದ ಬಲಗೈ ನಿಯಮವನ್ನು ಎಡಗೈಯಲ್ಲಿ ಹಿಡಿದು ನೋಡುತ್ತಾರೆ, ಉತ್ತರವೆಲ್ಲ ತಿರುಗುಮುರುಗು. ಮೌಲ್ಯಮಾಪನ ಮಾಡಿದ ಯಾವ ಮೇಷ್ಟರನ್ನಾದರೂ ಕೇಳಿ.

ನಾನು ಇಂದು ಕೇಳಬೇಕೆಂದಿರುವುದು ಇಷ್ಟೇ: ನಿಂತು ನೋಡುವ ನಾವು ಕಾಂತಬಲ ಎಂದು ಕರೆದದ್ದನ್ನು, ತಂತಿಯ ಪಕ್ಕದಲ್ಲಿ ಎಲೆಕ್ಟ್ರಾನಿನ ಜೊತೆಜೊತೆಗೇ ಸಾಗುವವನೊಬ್ಬ ಏನೆಂದು ಕರೆಯುತ್ತಾನೆ?

ತಂತಿಗೆ ಹೋಗುವ ಮುನ್ನ ಸೈಕಲ್ಲಿನ ಡೈನಮೋ ನೆನಪಿಸಿಕೊಳ್ಳಿ. ಚಕ್ರಕ್ಕೆ ಒತ್ತಿಕೊಂಡು ಕರ್ರೆಂದು ಸದ್ದು ಮಾಡುವ ಆ ಪುಟ್ಟ ಬಾಟಲಿಯೊಳಗೆ ತಿರುಗುವುದು ಅಯಸ್ಕಾಂತ. ಸುರುಳಿ ಅಲುಗಾಡದೆ ಕೂತಿರುತ್ತದೆ. ಶರಾವತಿಯ ದೈತ್ಯ ಜನರೇಟರುಗಳಲ್ಲೂ ಅಷ್ಟೇ, ತಿರುಗುವುದು ವಿದ್ಯುತ್ಕಾಂತ, ನಮಗೆ ಕರೆಂಟು ಕೊಡುವ ಸುರುಳಿಗಳು ಸುತ್ತಲಿನ ಚಿಪ್ಪಿನಲ್ಲಿ ಸ್ಥಿರ. ಶಾಲೆಯ ಪ್ರಯೋಗಾಲಯದ ಕೈಹಿಡಿಯ ಯಂತ್ರದಲ್ಲಿ ಮಾತ್ರ ಇದು ಉಲ್ಟಾ: ಕುದುರೆಲಾಳದ ಕಾಂತ ನಿಂತಿರುತ್ತದೆ, ಸುರುಳಿ ತಿರುಗುತ್ತದೆ. ಫ್ಯಾರಡೆ 1831ರ ಅಕ್ಟೋಬರ್ 17ರಂದು ದಂಡಕಾಂತವನ್ನು ಸುರುಳಿಯೊಳಗೆ ತಳ್ಳಿ ಕರೆಂಟುಮಾಪಕದ ಮುಳ್ಳು ಸರಿದದ್ದನ್ನು ಕಂಡಾಗಿನಿಂದಲೂ ಗೊತ್ತಿರುವ ಸಂಗತಿ ಇದು. ಕಾಂತವನ್ನು ತಳ್ಳು, ಸುರುಳಿಯನ್ನು ಎಳೆ, ಒಂದರ ಮಟ್ಟಿಗೆ ಇನ್ನೊಂದು ಸರಿಯುವ ವೇಗ ಒಂದೇ ಆಗಿದ್ದರೆ ಹುಟ್ಟುವ ಕರೆಂಟೂ ಒಂದೇ. (ತಿರುಗುವಿಕೆಯಲ್ಲಿ ಬೇರೆ ತೊಡಕುಗಳಿವೆ. ನಾವು ನೇರ ಸರಿದಾಟವನ್ನೇ ಇಟ್ಟುಕೊಳ್ಳೋಣ.)

ಪಾಠ ಹೇಳುವಾಗ ಮಾತ್ರ ಎರಡು ಕಥೆ ಹೇಳುತ್ತೇವೆ. ಸುರುಳಿ ಚಲಿಸಿದರೆ, ಅದರೊಳಗಿನ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಓಡುತ್ತಿವೆ, ಆದ್ದರಿಂದ ಅವುಗಳ ಮೇಲೆ ಕಾಂತಬಲ. ಇಲ್ಲಿ ವಿದ್ಯುತ್ ಕ್ಷೇತ್ರದ ಮಾತೇ ಇಲ್ಲ. ಕಾಂತ ಚಲಿಸಿದರೆ, ಸುರುಳಿಯ ಎಲೆಕ್ಟ್ರಾನುಗಳು ನಿಂತಿವೆ, ನಿಂತ ಆವೇಶವನ್ನು ಕಾಂತಬಲ ಮುಟ್ಟುವುದಿಲ್ಲ. ಆದ್ದರಿಂದ ಬದಲಾಗುವ ಕಾಂತಕ್ಷೇತ್ರ ಒಂದು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸಿತು, ಅದು ತಳ್ಳಿತು ಎನ್ನುತ್ತೇವೆ. ಫಲ ಒಂದೇ, ಕಾರಣ ಎರಡು! ಒಂದೇ ಕಳ್ಳತನಕ್ಕೆ ಎರಡು ಠಾಣೆಗಳಲ್ಲಿ ಬೇರೆಬೇರೆ ಆರೋಪಿಗಳ ಹೆಸರು ಬರೆದ ಹಾಗೆ.

ಈ ಮುಜುಗರ ಒಬ್ಬನನ್ನು ಬಿಡದೆ ಕಾಡಿತು. ಅಪ್ಪ ಮತ್ತು ಚಿಕ್ಕಪ್ಪ ಮ್ಯೂನಿಕ್‌ನಲ್ಲಿ ಡೈನಮೋ ತಯಾರಿಸುವ ವಿದ್ಯುತ್ ಕಂಪನಿ ನಡೆಸುತ್ತಿದ್ದ ಮನೆಯ ಹುಡುಗ. ಮುಂದೆ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಮೂರನೆಯ ದರ್ಜೆಯ ತಾಂತ್ರಿಕ ಪರೀಕ್ಷಕ. 1905ರ ಜೂನ್ 30ರಂದು ಐನ್‌ಸ್ಟೈನ್‌ನ ಲೇಖನ ಜರ್ಮನಿಯ ಭೌತವಿಜ್ಞಾನ ಪತ್ರಿಕೆಯ ಕಚೇರಿ ತಲುಪಿತು. ಸಾಪೇಕ್ಷತೆಯ ಸಿದ್ಧಾಂತ ಹುಟ್ಟಿದ್ದು ಆ ಲೇಖನದಲ್ಲಿ, ಆದರೂ ಅದರ ಶೀರ್ಷಿಕೆಯಲ್ಲಿ ಸಾಪೇಕ್ಷತೆ ಎಂಬ ಪದವೇ ಇಲ್ಲ. ಚಲಿಸುವ ವಸ್ತುಗಳ ವಿದ್ಯುಚ್ಚಲನಶಾಸ್ತ್ರದ ಬಗ್ಗೆ ಎಂದಷ್ಟೇ ಇದೆ. ಮೊದಲ ಪ್ಯಾರಾದಲ್ಲಿ ರೈಲೂ ಇಲ್ಲ, ಬೆಳಕಿನ ಕಿರಣವೂ ಇಲ್ಲ. ಇರುವುದು ಇದೇ ಕಾಂತ, ಇದೇ ವಾಹಕ, ಮತ್ತು ಘಟನೆಯಲ್ಲಿಲ್ಲದ ಭೇದ ವಿವರಣೆಯಲ್ಲಿ ಏಕೆ ಎಂಬ ತಕರಾರು. ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿದ್ದು ಅದೇ 1905ರ ಆಗಸ್ಟ್‌ನಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ನಿಜ. ಆದರೂ ಆ ಎರಡು ತಿಂಗಳನ್ನು ಜೊತೆಯಾಗಿ ನೆನೆಯುವುದು ನನಗೊಂದು ಖುಷಿ.

ಈಗ ತಂತಿಗೆ ಬರೋಣ. ಅಲ್ಯೂಮಿನಿಯಂ ಬದಲು ತಾಮ್ರದ ತಂತಿ ತೆಗೆದುಕೊಳ್ಳುತ್ತೇನೆ, ಲೆಕ್ಕ ಸಲೀಸು. ಅಡ್ಡಕೊಯ್ತ ಒಂದು ಚದರ ಮಿಲಿಮೀಟರ್, ಕರೆಂಟು ಒಂದು ಆಂಪಿಯರ್. ತಾಮ್ರದ ಪ್ರತಿ ಪರಮಾಣುವೂ ಓಡಾಟಕ್ಕೆಂದು ಒಂದೊಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಎಂದು ಲೆಕ್ಕ ಹಾಕಿದರೆ, ಒಂದು ಮೀಟರ್ ತಂತಿಯಲ್ಲಿ ಓಡಾಡುವ ಋಣ ಆವೇಶ ಸುಮಾರು 13,600 ಕೂಲಾಮ್. (ಕೂಲಾಮ್ ಎಂದರೆ ಆವೇಶವನ್ನು ಅಳೆಯುವ ಮಾನ, ಸೆಕೆಂಡಿಗೆ ಒಂದು ಕೂಲಾಮ್ ದಾಟಿದರೆ ಒಂದು ಆಂಪಿಯರ್.) ಸೆಕೆಂಡಿಗೆ ಒಂದು ಕೂಲಾಮ್ ದಾಟಿಸಲು ಈ ದಂಡು ಎಷ್ಟು ವೇಗವಾಗಿ ನಡೆಯಬೇಕು? ಸೆಕೆಂಡಿಗೆ 0.07 ಮಿಲಿಮೀಟರ್. ಗಂಟೆಗೆ ಸುಮಾರು 26 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಒಂದೊಂದು ಎಲೆಕ್ಟ್ರಾನೂ ತನ್ನಷ್ಟಕ್ಕೆ ದಿಕ್ಕುದೆಸೆಯಿಲ್ಲದೆ ಭಾರೀ ವೇಗದಲ್ಲಿ ಚಿಮ್ಮಾಡುತ್ತಿರುತ್ತದೆ. ನಾನು ಹೇಳುತ್ತಿರುವುದು ಇಡೀ ಗುಂಪು ಒಂದೇ ದಿಕ್ಕಿಗೆ ಸರಿಯುವ ವೇಗ. ಬಸವನಹುಳುವೂ ಇವರನ್ನು ಹಿಂದೆ ಹಾಕುತ್ತದೆ.

ತಂತಿಯ ಹೊರಗೆ, ಅದಕ್ಕೆ ಸಮಾನಾಂತರವಾಗಿ, ಒಂಟಿ ಎಲೆಕ್ಟ್ರಾನೊಂದು ಅದೇ ದಿಕ್ಕಿನಲ್ಲಿ, ಅದೇ ಗೇಣಿನ ವೇಗದಲ್ಲಿ ಸಾಗುತ್ತಿದೆ ಎನ್ನಿ. ನಿಂತು ನೋಡುವ ನಮ್ಮ ಕಣ್ಣಿಗೆ ತಂತಿ ತಟಸ್ಥ, ವಿದ್ಯುತ್ ಬಲ ಸೊನ್ನೆ. ಆದರೆ ಎಲೆಕ್ಟ್ರಾನ್ ಚಲಿಸುತ್ತಿದೆ, ಸುತ್ತ ಕಾಂತಕ್ಷೇತ್ರವಿದೆ, ಆದ್ದರಿಂದ ಅದು ತಂತಿಯ ಕಡೆಗೆ ಸೆಳೆತಕ್ಕೆ ಸಿಗುತ್ತದೆ.

ಈಗ ಆ ಎಲೆಕ್ಟ್ರಾನಿನ ಹೆಗಲೇರಿ ನೋಡಿ. ನೀವು ನಿಂತಿದ್ದೀರಿ. ನಿಂತ ಆವೇಶದ ಮೇಲೆ ಕಾಂತಬಲ ಇಲ್ಲ. ಆದರೂ ತಂತಿಯತ್ತ ಸರಿಯುತ್ತಿದ್ದೀರಿ, ಸರಿಯಲೇಬೇಕು, ಏಕೆಂದರೆ ಎಲೆಕ್ಟ್ರಾನ್ ಕೊನೆಗೆ ತಂತಿಗೆ ಬಡಿಯಿತೋ ಇಲ್ಲವೋ ಎಂಬುದರಲ್ಲಿ ಇಬ್ಬರು ವೀಕ್ಷಕರು ಜಗಳವಾಡುವಂತಿಲ್ಲ. ಹಾಗಾದರೆ ಎಳೆದದ್ದು ವಿದ್ಯುತ್ ಬಲವೇ ಇರಬೇಕು. ತಟಸ್ಥ ತಂತಿಗೆ ವಿದ್ಯುತ್ ಬಲ ಎಲ್ಲಿಂದ ಬಂತು?

ಬಾಗಿಲ ಮುಂದೆ ರಂಗೋಲಿಯ ಎರಡು ಸಾಲು ಚುಕ್ಕಿ ಇಟ್ಟಿದ್ದೀರಿ ಎಂದುಕೊಳ್ಳಿ. ಕೆಂಪು ಚುಕ್ಕಿಗಳು ಧನ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನಿಂತಲ್ಲೇ ನಿಂತ ಪರಮಾಣುಗಳು, ಬಿಳಿಯವು ಓಡಾಡುವ ಎಲೆಕ್ಟ್ರಾನುಗಳು. ನೆಲದಲ್ಲಿ ನಿಂತವರಿಗೆ ಕೆಂಪು ಸಾಲು ನಿಂತಿದೆ, ಬಿಳಿ ಸಾಲು ಸರಿಯುತ್ತಿದೆ, ಚುಕ್ಕಿಗಳ ನಡುವಿನ ಅಂತರ ಎರಡರಲ್ಲೂ ಸಮ. ಚಲಿಸುವ ವಸ್ತು ಚಲನೆಯ ದಿಕ್ಕಿನಲ್ಲಿ ಕುಗ್ಗುತ್ತದೆ ಎಂಬುದು ಸಾಪೇಕ್ಷತೆಯ ಮಾತು. ಹೆಗಲೇರಿದ ನಿಮಗೆ ಈಗ ಬಿಳಿ ಸಾಲು ನಿಂತಿದೆ. ನೆಲದವರು ಕಂಡಿದ್ದು ಅದರ ಕುಗ್ಗಿದ ಅಂತರ, ನಿಮಗೆ ಅದು ಹಿಗ್ಗಿ ವಿರಳವಾಗಿ ಕಾಣುತ್ತದೆ. ಕೆಂಪು ಸಾಲು ಹಿಂದಕ್ಕೆ ಓಡುತ್ತಿದೆ, ಆದ್ದರಿಂದ ಅದು ಕುಗ್ಗಿ ದಟ್ಟವಾಗಿದೆ. ಒಂದು ಮಾರು ಉದ್ದದಲ್ಲಿ ಬಿಳಿಗಿಂತ ಕೆಂಪು ಚುಕ್ಕಿ ಹೆಚ್ಚು. ತಂತಿ ನಿಮ್ಮ ಪಾಲಿಗೆ ಧನ ಆವೇಶ ಹೊತ್ತ ತಂತಿ. ಋಣ ಆವೇಶದ ನೀವು ಅದರತ್ತ ಸೆಳೆಯಲ್ಪಟ್ಟಿದ್ದೀರಿ.

ಇಲ್ಲಿ ಯಾರಿಗಾದರೂ ಸಿಟ್ಟು ಬರಬೇಕು. ಗಂಟೆಗೆ ಒಂದು ಗೇಣು ನಡೆಯುವವರಿಗೆ ಐನ್‌ಸ್ಟೈನ್‌ನ ಕುಗ್ಗುವಿಕೆಯೇ? ಅದೆಲ್ಲ ಬೆಳಕಿನ ವೇಗಕ್ಕೆ ಹತ್ತಿರವಾದಾಗ ತಾನೆ? ಸಿಟ್ಟು ನ್ಯಾಯವೇ. ಈ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸಿಗುವುದು ದಶಮಾಂಶ ಬಿಂದುವಿನ ನಂತರ 25 ಸೊನ್ನೆ, ಆಮೇಲೆ ಒಂದು 6. ಪರಿಣಾಮದ ಅಳತೆ ಇಷ್ಟು. ಇದಕ್ಕೆ ಬೆಲೆ ಕೊಡುವವರು ಯಾರು?

ಬೆಲೆ ಕೊಡುವುದು ಆ 13,600 ಕೂಲಾಮ್. ಇಂಥ ಎರಡು ತಂತಿಗಳನ್ನು ಒಂದು ಮೀಟರ್ ದೂರದಲ್ಲಿ ಸಮಾನಾಂತರವಾಗಿ ಇಡಿ. ಧನ ಅಯಾನುಗಳನ್ನು ಮರೆತು, ಒಂದರ ಓಡಾಡುವ ಎಲೆಕ್ಟ್ರಾನುಗಳು ಇನ್ನೊಂದರ ಎಲೆಕ್ಟ್ರಾನುಗಳನ್ನು ತಳ್ಳುವ ಬಲವನ್ನಷ್ಟೇ ಲೆಕ್ಕ ಹಾಕಿ. ಒಂದು ಮೀಟರ್ ಉದ್ದಕ್ಕೆ ಬರುವುದು 33ರ ಮುಂದೆ 17 ಸೊನ್ನೆ, ಅಷ್ಟು ನ್ಯೂಟನ್. ಕನ್ನಂಬಾಡಿಯ ಅಣೆಕಟ್ಟೆ ಭರ್ತಿಯಾದರೆ ಹಿಡಿಯುವುದು 49.45 ಟಿಎಂಸಿ ನೀರು. ಅಂಥ ಸುಮಾರು 2,40,000 ಅಣೆಕಟ್ಟೆಗಳ ನೀರಿನ ತೂಕಕ್ಕೆ ಸಮ ಈ ಬಲ. ಅದು ನಮ್ಮ ಅನುಭವಕ್ಕೆ ಬರುವುದಿಲ್ಲ, ಏಕೆಂದರೆ ಅಷ್ಟೇ ಗಾತ್ರದ ಸೆಳೆತ ಅಯಾನುಗಳ ಕಡೆಯಿಂದ ಬಂದು ಅದನ್ನು ಅಳಿಸಿಹಾಕುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಭೀಮರೇ ನಿಂತು ಹಗ್ಗ ಅಲುಗದೇ ಇರುವಂಥ ಸ್ಥಿತಿ. ಈಗ ಈ ದೈತ್ಯ ಬಲವನ್ನು ಮೇಲಿನ ಪುಡಿ ಸಂಖ್ಯೆಯಿಂದ ಗುಣಿಸಿ. ಬರುವ ಉತ್ತರ, ಒಂದು ನ್ಯೂಟನ್‌ನ ಕೋಟಿಯಲ್ಲಿ 2 ಭಾಗ.

ಈ ಸಂಖ್ಯೆ ನೋಡಿದೊಡನೆ ಹಿಂದಿನ ಸಾಲಿನಲ್ಲಿ ಒಬ್ಬರು ಮುಗುಳ್ನಕ್ಕರು. ಅವರಿಗೆ ಹೊಳೆದಿರಬೇಕು. 1948ರಿಂದ 2019ರ ಮೇ ತಿಂಗಳವರೆಗೆ ಆಂಪಿಯರ್‌ಗೆ ಕೊಟ್ಟಿದ್ದ ವ್ಯಾಖ್ಯೆ ಇದೇ: ಒಂದು ಮೀಟರ್ ಅಂತರದ ಎರಡು ಉದ್ದನೆಯ ತೆಳು ತಂತಿಗಳಲ್ಲಿ ಹರಿದಾಗ, ಮೀಟರ್ ಒಂದಕ್ಕೆ ನ್ಯೂಟನ್‌ನ ಕೋಟಿಯಲ್ಲಿ 2 ಭಾಗ ಬಲ ಹುಟ್ಟಿಸುವ ಕರೆಂಟು. (ಈಗ ಎಲೆಕ್ಟ್ರಾನಿನ ಆವೇಶವನ್ನೇ ಸ್ಥಿರಾಂಕವಾಗಿ ಗೊತ್ತುಮಾಡಿದ್ದಾರೆ.) ನಾನು ಕಾಂತಕ್ಷೇತ್ರದ ಸೂತ್ರವನ್ನು ಮುಟ್ಟಲೇ ಇಲ್ಲ, ವಿದ್ಯುತ್ ಬಲ ಮತ್ತು ಸಾಪೇಕ್ಷತೆಯ ಕಿರುಪಾಲು ಎರಡನ್ನೇ ಹಿಡಿದು ಅಲ್ಲಿಗೆ ಬಂದೆ. ಆಗಲೇ ಈ ಮೇಜಿನ ಮೇಲೆ ಪಟ್ಟಿಗಳು ಅಲುಗಾಡಿದವಲ್ಲ, ನೀವು ಬರಿಗಣ್ಣಿನಿಂದ ಕಂಡದ್ದು ಆ ಕಿರುಪಾಲನ್ನೇ. ಮಿಕ್ಸಿ, ಫ್ಯಾನು, ಬೋರ್‌ವೆಲ್ಲಿನ ಮೋಟಾರು ಎಲ್ಲ ತಿರುಗುವುದೂ ಅದರಿಂದಲೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಕೊಡದಿದ್ದರೆ ತಪ್ಪಾಗುತ್ತದೆ. ಕಾಂತಬಲ ಎಂಬುದೇ ಇಲ್ಲ, ಇರುವುದು ವಿದ್ಯುತ್ ಬಲವೊಂದೇ, ಕಾಂತಬಲ ಬರೀ ಭ್ರಮೆ ಎಂದು ಬರೆಯುವವರಿದ್ದಾರೆ. ಉತ್ಸಾಹದಲ್ಲಿ ಗೆರೆ ದಾಟಿದ ಮಾತು ಅದು. ಎಲೆಕ್ಟ್ರಾನಿನ ಹೆಗಲ ಮೇಲಿಂದ ನೋಡಿದಾಗಲೂ ಅಯಾನುಗಳು ಹಿಂದಕ್ಕೆ ಓಡುತ್ತಿದ್ದವು, ಅಂದರೆ ಕರೆಂಟು ಇತ್ತು, ಕಾಂತಕ್ಷೇತ್ರವೂ ಇತ್ತು. ನಿಂತ ಎಲೆಕ್ಟ್ರಾನಿಗೆ ಅದು ತಾಗಲಿಲ್ಲ, ಅಷ್ಟೇ. ಮನೆಯ ಫ್ರಿಜ್ಜಿಗೆ ಅಂಟಿಸಿದ ಕಾಂತವನ್ನು ತೆಗೆದುಕೊಳ್ಳಿ. ಅದರ ಪಕ್ಕದಲ್ಲಿ ನೀವು ಎಷ್ಟೇ ವೇಗವಾಗಿ ಓಡಿ, ಕಾಂತಕ್ಷೇತ್ರದ ಜೊತೆಗೆ ಒಂದಿಷ್ಟು ವಿದ್ಯುತ್ ಕ್ಷೇತ್ರ ಕಾಣಿಸಿಕೊಳ್ಳುತ್ತದೆಯೇ ಹೊರತು ಕಾಂತಕ್ಷೇತ್ರ ಮಾಯವಾಗುವುದಿಲ್ಲ. ವಿದ್ಯುತ್ ಕ್ಷೇತ್ರದ ವರ್ಗದಿಂದ, ಬೆಳಕಿನ ವೇಗದಿಂದ ಗುಣಿಸಿದ ಕಾಂತಕ್ಷೇತ್ರದ ವರ್ಗವನ್ನು ಕಳೆದರೆ ಬರುವ ಬೆಲೆ ಎಲ್ಲ ವೀಕ್ಷಕರಿಗೂ ಒಂದೇ. ಒಬ್ಬನಿಗೆ ಅದು ಸೊನ್ನೆಗಿಂತ ಕೆಳಗಿದ್ದರೆ ಎಲ್ಲರಿಗೂ ಕೆಳಗೇ.

ಸರ್ವೇಯರ್ ಒಬ್ಬ ಹೊಲದ ಓರೆ ಬದುವನ್ನು ಅಳೆಯುತ್ತಾನೆ. ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಎಂದು ಪುಸ್ತಕದಲ್ಲಿ ಬರೆಯುತ್ತಾನೆ. ಇನ್ನೊಬ್ಬ ಸರ್ವೇಯರ್ ದಿಕ್ಸೂಚಿಯ ಉತ್ತರದ ಬದಲು ನಕ್ಷತ್ರದ ಉತ್ತರವನ್ನು ಹಿಡಿದರೆ ಎರಡು ಅಂಕಿಗಳೂ ಬದಲಾಗುತ್ತವೆ. ಬದು ಅಲ್ಲೇ ಇರುತ್ತದೆ. ಪೂರ್ವದ ಅಳತೆ ನಿಜ, ಉತ್ತರದ ಅಳತೆ ಭ್ರಮೆ ಎನ್ನುವ ಸರ್ವೇಯರನಿಗೆ ಕೆಲಸ ಸಿಗಲಿಕ್ಕಿಲ್ಲ. ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳೂ ಹೀಗೆಯೇ ಒಂದೇ ಬದುವಿನ ಎರಡು ಅಳತೆಗಳು. ಗಣಿತಜ್ಞ ಮಿಂಕೋವ್‌ಸ್ಕಿ 1908ರಲ್ಲಿ ಇವೆರಡರ ಮೂರುಮೂರು ಅಂಗಗಳನ್ನು ಆರು ಅಂಗಗಳ ಒಂದೇ ವಸ್ತುವಾಗಿ ಹೊಲಿದುಬಿಟ್ಟ. ಗಣಿತ ಇಲ್ಲಿ ಬೇಡ.

ಬೆಂಗಳೂರಿನಿಂದ ಚೆನ್ನೈ ಕಡೆಗೆ, ಅಂದರೆ ಹೆಚ್ಚುಕಡಿಮೆ ಪೂರ್ವಕ್ಕೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ರೈಲಿನಲ್ಲಿ ನೀವು ಕೂತಿದ್ದೀರಿ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿ ಉತ್ತರಕ್ಕೆ ಚಾಚಿಕೊಂಡಿದೆ, ಕಾಂತೀಯ ಸಮಭಾಜಕ ಇಲ್ಲೇ ದಕ್ಷಿಣಕ್ಕೆ ಹಾದುಹೋಗುತ್ತದಲ್ಲ. ಅದರ ತೀವ್ರತೆ ಸುಮಾರು 40 ಮೈಕ್ರೋಟೆಸ್ಲಾ. ನೆಲದವನಿಗೆ ಅಲ್ಲಿರುವುದು ಬರೀ ಕಾಂತಕ್ಷೇತ್ರ. ನಿಮ್ಮ ಲೆಕ್ಕದಲ್ಲಿ ಅದರ ಜೊತೆಗೆ ಮೇಲ್ಮುಖವಾಗಿ ಮೀಟರಿಗೆ ಸುಮಾರು ಒಂದು ಮಿಲಿವೋಲ್ಟ್ ವಿದ್ಯುತ್ ಕ್ಷೇತ್ರವೂ ಇದೆ. ಬೋಗಿಯೊಳಗೆ ಅಳೆಯಲು ಹೋದರೆ ಏನೂ ಸಿಗದು. ಉಕ್ಕಿನ ಬೋಗಿಯ ಎಲೆಕ್ಟ್ರಾನುಗಳು ಅಷ್ಟರೊಳಗೆ ಸರಿದು ಕೂತು ಅದನ್ನು ಒಳಗೆ ಬರದಂತೆ ಅಳಿಸಿರುತ್ತವೆ.

ಫ್ಯಾರಡೆ ಇಂಥದ್ದನ್ನೇ ನದಿಯಲ್ಲಿ ಹುಡುಕಿದ. 1832ರ ಜನವರಿಯ ಚಳಿಯಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯ ಕಟ್ಟೆಯುದ್ದಕ್ಕೂ 960 ಅಡಿ ತಾಮ್ರದ ತಂತಿ ಎಳೆದು, ಅದರ ತುದಿಗಳಿಂದ ಲೋಹದ ಫಲಕಗಳನ್ನು ಥೇಮ್ಸ್ ನೀರಿಗೆ ಇಳಿಬಿಟ್ಟ. ಹರಿಯುವ ಉಪ್ಪುಪ್ಪು ನೀರು ಭೂಮಿಯ ಕಾಂತಕ್ಷೇತ್ರವನ್ನು ಕತ್ತರಿಸುತ್ತದೆ, ಕರೆಂಟು ಹುಟ್ಟಬೇಕು ಎಂಬುದು ಅವನ ಎಣಿಕೆ. ಮುಳ್ಳು ಆಡಿತು, ಆದರೆ ಅದು ನೀರಿನ ರಾಸಾಯನಿಕ ಗಲಾಟೆಯೋ ಕಾಂತಕ್ಷೇತ್ರ ಹುಟ್ಟಿಸಿದ ಕರೆಂಟೋ ಬೇರ್ಪಡಿಸಲಾಗಲಿಲ್ಲ. ಇಂದು ಕುಡಿಯುವ ನೀರಿನ ದೊಡ್ಡ ಪೈಪುಗಳಲ್ಲಿ ಕೂರಿಸುವ ವಿದ್ಯುತ್ಕಾಂತೀಯ ಹರಿವುಮಾಪಕ ಅದೇ ತತ್ತ್ವದಲ್ಲಿ ನಡೆಯುತ್ತದೆ. 1996ರ ಫೆಬ್ರುವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯಿಂದ ಉಪಗ್ರಹವೊಂದನ್ನು ಸುಮಾರು 20 ಕಿಲೋಮೀಟರ್ ಉದ್ದದ ವಾಹಕ ಹಗ್ಗಕ್ಕೆ ಕಟ್ಟಿ ದೂರಕ್ಕೆ ಹರಿಯಬಿಟ್ಟಾಗ ತುದಿಯಿಂದ ತುದಿಗೆ 3,500 ವೋಲ್ಟ್ ಹುಟ್ಟಿ, ಕೊನೆಗೆ ಕಿಡಿ ಹಾರಿ ಹಗ್ಗವೇ ತುಂಡಾಯಿತು. ನೆಲದವರ ಲೆಕ್ಕದಲ್ಲಿ ಅದು ಕಾಂತಬಲದ ಕೆಲಸ, ಹಗ್ಗದ ಜೊತೆ ಹಾರುವವರ ಲೆಕ್ಕದಲ್ಲಿ ವಿದ್ಯುತ್ ಕ್ಷೇತ್ರದ್ದು. ತುಂಡಾದದ್ದು ಮಾತ್ರ ಇಬ್ಬರಿಗೂ ಒಂದೇ ಹಗ್ಗ.

ಗೇಣಿನ ವೇಗ ಸಾಕು, ಇನ್ನೊಂದು ತುದಿಯನ್ನೂ ನೋಡಿಬಿಡೋಣ. ಎಲೆಕ್ಟ್ರಾನುಗಳನ್ನು ಬಳೆಯಾಕಾರದ ದಾರಿಯಲ್ಲಿ ಓಡಿಸುವ ಇಂದೋರಿನ ಇಂಡಸ್-2 ಯಂತ್ರದಲ್ಲಿ ಅವು 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ, ಅಂದರೆ ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಸುತ್ತುತ್ತವೆ. ಅಕ್ಕಪಕ್ಕ ಓಡುವ ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳಬೇಕು, ಕಂತೆ ಚೆದುರಬೇಕು. ಆದರೆ ಅವು ಎರಡು ಸಮಾನಾಂತರ ಕರೆಂಟುಗಳೂ ಹೌದು, ಆದ್ದರಿಂದ ಸೆಳೆತವೂ ಇದೆ. ಈ ವೇಗದಲ್ಲಿ ಕಾಂತದ ಸೆಳೆತ ವಿದ್ಯುತ್ತಿನ ತಳ್ಳುವಿಕೆಯನ್ನು ಬಹುಪಾಲು ನುಂಗಿ, ಸುಮಾರು 2.4 ಕೋಟಿಯಲ್ಲಿ ಒಂದು ಪಾಲನ್ನಷ್ಟೇ ಉಳಿಸುತ್ತದೆ. ಎಲೆಕ್ಟ್ರಾನಿನ ಜೊತೆ ಓಡುವವನ ಕಥೆಯಲ್ಲಿ ಸೆಳೆತವೇ ಇಲ್ಲ, ಬರೀ ತಳ್ಳಾಟ. ಆದರೆ ನಾವು ನೋಡಿದರೆ ಅವನ ಗಡಿಯಾರ ನಮ್ಮದಕ್ಕಿಂತ ಸುಮಾರು 4,900 ಪಟ್ಟು ನಿಧಾನ. ನಮ್ಮ ಒಂದು ಸೆಕೆಂಡಿನಲ್ಲಿ ಅವನಿಗೆ ಚೆದುರಲು ಪುರಸೊತ್ತೇ ಸಿಗುವುದಿಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದು ದ್ವಿತೀಯ ಪಿಯುಸಿ ಹುಡುಗಿಯೊಬ್ಬಳದು. ಸ್ವಿಚ್ ಹಾಕಿದಾಗ ಎಲೆಕ್ಟ್ರಾನುಗಳು ಹೊರಡುತ್ತವೆ, ಆಗ ನೆಲದವರ ಕಣ್ಣಿಗೇ ಅವುಗಳ ಸಾಲು ಕುಗ್ಗಿ ತಂತಿ ಋಣವಾಗಬೇಕಲ್ಲ, ಏಕೆ ತಟಸ್ಥ ಎಂದು ಹೇಳಿದಿರಿ? ಈ ವಿಷಯ ಕಲಿಸುವವರಲ್ಲೂ ಅನೇಕರು ಇಲ್ಲಿ ಎಡವುತ್ತಾರೆ. ಎಲೆಕ್ಟ್ರಾನುಗಳನ್ನು ಒಂದಕ್ಕೊಂದು ಕೋಲಿನಿಂದ ಕಟ್ಟಿಲ್ಲ. ಕೋಲು ಕುಗ್ಗುತ್ತದೆ, ಬಿಡಿಬಿಡಿಯಾಗಿ ನಿಂತವರ ನಡುವಿನ ಜಾಗ ಅವರವರು ಹೇಗೆ ಹೊರಟರು ಎಂಬುದರ ಮೇಲೆ ನಿಂತಿದೆ. ಮುಚ್ಚಿದ ಮಂಡಲದಲ್ಲಿ ಹೊಸ ಎಲೆಕ್ಟ್ರಾನುಗಳು ಎಲ್ಲಿಂದಲೂ ಬರುವುದಿಲ್ಲ. ನೆಲದವರಿಗೆ ಅವುಗಳ ಅಂತರ ಮೊದಲಿನಷ್ಟೇ. ಕುಗ್ಗುವಿಕೆಯ ನಿಯಮವೂ ಮುರಿದಿಲ್ಲ: ಎಲೆಕ್ಟ್ರಾನುಗಳ ಜೊತೆ ಹೋದವನಿಗೆ ಆ ಅಂತರ ಹಿಗ್ಗಿ ಕಾಣುತ್ತದೆ, ನಾವು ಆಗಲೇ ಕಂಡದ್ದು ಅದನ್ನೇ.

ಎರಡನೆಯದು ವಿದ್ಯುತ್ ಗುತ್ತಿಗೆದಾರರೊಬ್ಬರದು, ತುಂಬ ಒಳ್ಳೆಯ ಲೆಕ್ಕಪತ್ರದ ಪ್ರಶ್ನೆ. ಹೆಗಲೇರಿದವನಿಗೆ ತಂತಿ ಧನವಾಯಿತು, ಸರಿ. ಆ ಹೆಚ್ಚುವರಿ ಆವೇಶದ ಬಾಬತ್ತು ಎಲ್ಲಿಂದ ಬಂತು? ಆವೇಶ ಹುಟ್ಟುವುದಿಲ್ಲ, ಸಾಯುವುದಿಲ್ಲ ಎಂದು ನೀವೇ ಕಲಿಸಿದಿರಿ. ಉತ್ತರಕ್ಕೆ ಪೂರ್ತಿ ಮಂಡಲವನ್ನು ನೋಡಬೇಕು. ಬ್ಯಾಟರಿಯಿಂದ ಹೋದ ತಂತಿ ಎಲ್ಲೋ ತಿರುಗಿ ವಾಪಸು ಬರುತ್ತದೆ. ಹೋಗುವ ತಂತಿಯ ಎಲೆಕ್ಟ್ರಾನುಗಳು ಆ ವೀಕ್ಷಕನ ಜೊತೆಗಿವೆ, ಬರುವ ತಂತಿಯವು ಅವನಿಗೆ ಎದುರಾಗಿ ಇಮ್ಮಡಿ ವೇಗದಲ್ಲಿ ಓಡುತ್ತಿವೆ, ಅಲ್ಲಿ ಬಿಳಿ ಚುಕ್ಕಿಗಳೇ ಹೆಚ್ಚು ದಟ್ಟ. ಒಂದು ಬದಿ ಎಷ್ಟು ಧನವೋ ಇನ್ನೊಂದು ಬದಿ ಅಷ್ಟೇ ಋಣ, ಕೂಡಿದರೆ ಸೊನ್ನೆ. ನೆಲದವರು ಒಂದೇ ಕ್ಷಣದಲ್ಲಿ ಎಣಿಸಿದ ಎಲೆಕ್ಟ್ರಾನುಗಳನ್ನು ಅವನು ಬೇರೆಬೇರೆ ಕ್ಷಣಗಳಲ್ಲಿ ಎಣಿಸುತ್ತಾನೆ, ಹಾಗಾಗಿ ತಿರುವಿನ ಆಚೆ ಇರಬೇಕಾದ ಕೆಲವು ಚುಕ್ಕಿಗಳು ಅವನ ಪಟ್ಟಿಯಲ್ಲಿ ಈಚೆ ಬರುತ್ತವೆ. ಗುತ್ತಿಗೆದಾರರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಎರಡು ಬದಿಯನ್ನೂ ಒಂದೇ ಗಂಟೆಗೆ ಎಣಿಸಬೇಕಿತ್ತು, ಗಂಟೆಯಲ್ಲೇ ತಕರಾರು ಎನ್ನಿ ಎಂದರು. ಹೌದು, ಗಂಟೆಯಲ್ಲೇ ತಕರಾರು ಎಂದೆ. ಅಷ್ಟರಲ್ಲಿ ಬ್ಯಾಟರಿ ಕೂಡ ಇಳಿದಿತ್ತು.